ಅಜ್ಜಿಯ ಮೆಣಸಿನ ಬೀಜ, ಪಿಜಿಯ ಬೋರ್ ನೀರು

ಅಜ್ಜಿ ತೀರಿಕೊಂಡಿದ್ದು ಹೋದ ವರ್ಷ ದೀಪಾವಳಿ ಹೊತ್ತಿಗೆ. ಈ ವರ್ಷ ಯುಗಾದಿಗೆ ಊರಿಗೆ ಹೋದಾಗ ಅವ್ವ ಅವಳ ಟ್ರಂಕ್ ಖಾಲಿ ಮಾಡುತ್ತಿದ್ದಳು. ಇಳಕಲ್ ಸೀರೆಯ ಮಡಿಕೆಯಲ್ಲಿ ಒಂದು ಸಣ್ಣ ಬಟ್ಟೆಗಂಟು ಸಿಕ್ಕಿತು. ದುಡ್ಡಿರಬಹುದು ಅಂತ ನಾನು ಆಸೆಯಿಂದ ಬಿಚ್ಚಿದೆ. ಒಳಗಿದ್ದದ್ದು ಬೂದಿ. ಬೂದಿಯೊಳಗೆ ಮೆಣಸಿನ ಬೀಜ.

ನಮ್ಮೂರು ಬ್ಯಾಡಗಿ ತಾಲ್ಲೂಕಿನಲ್ಲಿ. ಬ್ಯಾಡಗಿ ಮೆಣಸಿನಕಾಯಿ ಗೊತ್ತಲ್ಲ, ಖಾರ ಕಡಿಮೆ, ಬಣ್ಣ ಜಾಸ್ತಿ, ಮೈಯೆಲ್ಲ ಸುಕ್ಕು. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಅದರಲ್ಲೂ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಅಜ್ಜಿ ಪ್ರತಿವರ್ಷ ಒಳ್ಳೆಯ ಡಬ್ಬಿ ಕಾಯಿ ಆರಿಸಿ ಬೀಜ ಎತ್ತಿಡುತ್ತಿದ್ದಳು. ಅಪ್ಪ ಮಾತ್ರ ಕೆಲವು ವರ್ಷಗಳಿಂದ ನರ್ಸರಿಯ ಹೈಬ್ರಿಡ್ ಸಸಿಗೆ ಹೊರಳಿದ್ದಾರೆ. ಇಳುವರಿ ಜಾಸ್ತಿ ಅನ್ನುವುದು ಅವರ ಲೆಕ್ಕ. ಲೆಕ್ಕ ತಪ್ಪು ಅನ್ನಲು ನನ್ನ ಹತ್ತಿರ ಏನೂ ಇರಲಿಲ್ಲ. "ಇಲ್ಲಿಟ್ರ ಇಲಿ ತಿಂತಾವು, ನೀನ ಒಯ್ಯಿ" ಅಂತ ಅವ್ವ ಗಂಟನ್ನು ನನ್ನ ಕೈಗಿಟ್ಟಳು.

ಬೆಂಗಳೂರಿಗೆ ಬಂದು ಎಣಿಸಿದೆ. ಗಟ್ಟಿ ಬೀಜ ಸರಿಯಾಗಿ 60. ಮೆಣಸಿನ ಬೀಜಕ್ಕೆ ಆಯುಸ್ಸು ಕಡಿಮೆ, ಎರಡು ಮೂರು ವರ್ಷ ಕಳೆದರೆ ಮೊಳೆಯುವ ಶಕ್ತಿ ಇಳಿಯುತ್ತಾ ಹೋಗುತ್ತದೆ. ಅಂದರೆ ಈ ವರ್ಷ ಬಿತ್ತಬೇಕು, ಇಲ್ಲವಾದರೆ ಅಜ್ಜಿಯ ತಳಿ ಅಲ್ಲಿಗೆ ಮುಗಿಯಿತು. ನನ್ನ ಹತ್ತಿರ ಹೊಲ ಇಲ್ಲ. ಇರುವುದು ಮೂರು ಜನರ ಪಿಜಿ ರೂಮು, ಅದಕ್ಕೊಂದು ಪೂರ್ವದ ಕಿಟಕಿ. ಇಪ್ಪತ್ತು, ಇಪ್ಪತ್ತು, ಇಪ್ಪತ್ತು ಅಂತ ಮೂರು ಪಾಲು ಮಾಡಿದೆ. ಇಂಜಿನಿಯರಿಂಗ್ ವಿದ್ಯಾರ್ಥಿ ನೋಡಿ, ಬ್ಯಾಕಪ್ ಇಲ್ಲದೆ ಏನೂ ಮಾಡುವುದಿಲ್ಲ!

ಮೊದಲ ಇಪ್ಪತ್ತು: ಊರಿನ ಮಣ್ಣು

ಊರಿನ ಬೀಜಕ್ಕೆ ಊರಿನ ಮಣ್ಣೇ ಸರಿ ಅಂದುಕೊಂಡೆ. ಬರುವಾಗಲೇ ಬ್ಯಾಗಿನಲ್ಲಿ ಒಂದು ಚೀಲ ಎರೆಮಣ್ಣು ತಂದಿದ್ದೆ. ಬಸ್ಸಿನಲ್ಲಿ ಪಕ್ಕದವರು "ಏನ್ರೀ ಇದು ಇಷ್ಟು ಭಾರ?" ಅಂದಾಗ "ಪುಸ್ತಕ" ಅಂದಿದ್ದೆ. ಜೊತೆಗೆ ಅಜ್ಜಿ ಬಳಸುತ್ತಿದ್ದ ಹಾಗೆ ಬಚ್ಚಲ ಒಲೆಯ ಬೂದಿಯನ್ನೂ ತಂದು ಮಣ್ಣಿಗೆ ಧಾರಾಳವಾಗಿ ಬೆರೆಸಿದೆ. ಟೀ ಕುಡಿದ ಪೇಪರ್ ಕಪ್‌ಗಳಲ್ಲಿ ತುಂಬಿ ಒಂದೊಂದು ಬೀಜ ಊರಿದೆ.

ಹತ್ತು ದಿನಕ್ಕೆ 13 ಮೊಳೆತವು. ರೂಮ್‌ಮೇಟ್‌ಗಳಿಗೆ ಪೇಡಾ ತಿನ್ನಿಸಿದೆ. ಮುಂದಿನ ವಾರ ಒಂದೊಂದಾಗಿ ಬುಡದಲ್ಲಿ ಕಪ್ಪಾಗಿ, ತೆಳ್ಳಗಾಗಿ ಮಲಗಿಕೊಂಡವು. ಸಸಿ ಕೊಳೆ ರೋಗ. ಎರೆಮಣ್ಣು ಹೊಲದಲ್ಲಿ ಬಂಗಾರ. ಆಳವಾಗಿ ಬಿರುಕು ಬಿಟ್ಟು ಗಾಳಿ ಎಳೆದುಕೊಳ್ಳುತ್ತದೆ, ಮಳೆ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆದರೆ ಪುಟ್ಟ ಕಪ್ಪಿನಲ್ಲಿ ಅದೇ ಗುಣ ಮುಳುವಾಗುತ್ತದೆ. ನೀರು ಹಾಕಿದರೆ ಹಿಟ್ಟಿನ ಮುದ್ದೆ, ಒಣಗಿದರೆ ಇಟ್ಟಿಗೆ. ಎರಡರ ನಡುವೆ ಬೇರಿಗೆ ಉಸಿರಾಡಲು ಜಾಗವೇ ಇಲ್ಲ. ನಾನು ತಂದದ್ದು ಮಣ್ಣನ್ನು ಮಾತ್ರ, ಹೊಲವನ್ನಲ್ಲ.

ಎರಡನೇ ಇಪ್ಪತ್ತು: ಪುಕ್ಕಟೆ ಕೆಂಪು ಮಣ್ಣು

ಸರಿ, ಹಗುರ ಮಣ್ಣು ಬೇಕು. ನಮ್ಮ ಪಿಜಿ ಪಕ್ಕದಲ್ಲೇ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದರು. ಗೇಟಿನ ಹೊರಗೆ ಕೆಂಪು ಮಣ್ಣಿನ ಗುಡ್ಡೆ. ಬಕೆಟ್ ತುಂಬಿಕೊಂಡು ಬಂದೆ. ಈ ಸಲ ಕಪ್ಪುಗಳ ತಳಕ್ಕೆ ತೂತು ಕೊರೆದೆ, ನೀರು ಅಳೆದು ಹಾಕಿದೆ. 15 ಮೊಳೆತವು. ಒಂದೂ ಕೊಳೆಯಲಿಲ್ಲ.

ಮೊದಲ ಎರಡು ಎಲೆ, ಅಂದರೆ ಬೀಜದೆಲೆ, ಹಸಿರಾಗೇ ಬಂದವು. ಅದಕ್ಕೆ ಬೇಕಾದ ಬುತ್ತಿ ಬೀಜದಲ್ಲೇ ಇರುತ್ತದೆ. ಬುತ್ತಿ ಮುಗಿದು ನಿಜವಾದ ಎಲೆ ಬರಬೇಕಾದಾಗ ಶುರುವಾಯಿತು ನೋಡಿ ಕಥೆ. ಹೊಸ ಎಲೆಗಳು ನಿಂಬೆ ಹಣ್ಣಿನ ಬಣ್ಣ. ನರಗಳು ಮಾತ್ರ ಹಸಿರು, ನಡುವಿನದ್ದೆಲ್ಲ ಹಳದಿ.

ಹಳದಿ ಅಂದರೆ ಹಸಿವು, ಹಸಿವು ಅಂದರೆ ಯೂರಿಯಾ. ಇದು ನಮ್ಮ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿದ ಸೂತ್ರ. ಒಂದು ಚಿಟಿಕೆ ಹಾಕಿದೆ. ಎಲೆ ಹಳದಿಯಾಗೇ ಇತ್ತು. ಇನ್ನೊಂದು ಚಿಟಿಕೆ ಹಾಕಿದೆ. ಎಲೆಯ ಅಂಚು ಸುಟ್ಟು ಕಂದು ಬಣ್ಣಕ್ಕೆ ತಿರುಗಿತು. ಜೂನ್ ಶುರುವಾಗುವ ಹೊತ್ತಿಗೆ 15ರಲ್ಲಿ ಒಂದೂ ಉಳಿದಿರಲಿಲ್ಲ.

ಆ ರಾತ್ರಿ ಊಟ ಸೇರಲಿಲ್ಲ. ಗಿಡ ಸತ್ತರೆ ಯಾರಾದರೂ ಹೀಗೆ ಬೇಜಾರು ಮಾಡಿಕೊಳ್ತಾರಾ ಅಂತ ರೂಮ್‌ಮೇಟ್ ರೇಗಿಸಿದ. ಅವನಿಗೆ ಹೇಗೆ ಹೇಳಲಿ? ಅಜ್ಜಿ ಬೆರಳಿನಿಂದ ಆರಿಸಿದ ಬೀಜದಲ್ಲಿ ಇನ್ನು ಉಳಿದದ್ದು ಇಪ್ಪತ್ತೇ.

ಆರತಿ ತಟ್ಟೆಯ ಕೆಮಿಸ್ಟ್ರಿ

ಮೂರನೇ ಪಾಲು ಮುಟ್ಟುವ ಮೊದಲು ಕಾರಣ ಹುಡುಕಲೇಬೇಕು ಅಂತ ಹಠ ಬಂತು. ಕಾಲೇಜಿನ ಲೈಬ್ರರಿಯಲ್ಲಿ ಕೂತು ಓದಿದಾಗ ಮೊದಲು ಗೊತ್ತಾದದ್ದು ಇದು. ಸಾರಜನಕ ಕಡಿಮೆಯಾದರೆ ಹಳದಿಯಾಗುವುದು ಕೆಳಗಿನ ಹಳೇ ಎಲೆ. ಏಕೆಂದರೆ ಗಿಡ ಹಳೇ ಎಲೆಯಿಂದ ಸಾರಜನಕ ಕಿತ್ತು ಹೊಸ ಚಿಗುರಿಗೆ ಕೊಡಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲು ಅದಕ್ಕೆ ಆಗುವುದಿಲ್ಲ. ಅದಕ್ಕೇ ಕಬ್ಬಿಣದ ಕೊರತೆ ಕಾಣುವುದು ತುದಿಯ ಹೊಸ ಎಲೆಯಲ್ಲಿ, ಹಸಿರು ನರಗಳ ನಡುವೆ ಹಳದಿಯಾಗಿ. ನನ್ನ ಸಸಿಗಳು ಕಬ್ಬಿಣ ಬೇಕು ಅಂತ ಎಲೆ ಎತ್ತಿ ತೋರಿಸುತ್ತಿದ್ದವು, ನಾನು ಯೂರಿಯಾ ಬಡಿಸುತ್ತಿದ್ದೆ.

ಆದರೆ ಒಂದು ಅನುಮಾನ. ಕೆಂಪು ಮಣ್ಣು ಕೆಂಪಗಿರುವುದೇ ಕಬ್ಬಿಣದಿಂದ. ಮಣ್ಣಿನ ತುಂಬ ಕಬ್ಬಿಣ ಇಟ್ಟುಕೊಂಡು ಗಿಡ ಕಬ್ಬಿಣವಿಲ್ಲದೆ ಸಾಯುವುದು ಹೇಗೆ?

ಉತ್ತರ ನಾನು ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಓದಿ, ಪರೀಕ್ಷೆ ಬರೆದು, ಮರೆತು ಬಿಟ್ಟಿದ್ದ ಎರಡು ಅಕ್ಷರ: ಪಿಎಚ್. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಎಂಬ ವಿಜ್ಞಾನಿ ತಂದ ಅಳತೆ ಅದು. ಹೌದು, ಬಿಯರ್ ಕಂಪನಿಯ ಪ್ರಯೋಗಾಲಯವೇ. 7 ಅಂದರೆ ತಟಸ್ಥ, ಕೆಳಗೆ ಹೋದರೆ ಆಮ್ಲ, ಮೇಲೆ ಹೋದರೆ ಕ್ಷಾರ. ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಹಾಗಾಗಿ 6ಕ್ಕೂ 8ಕ್ಕೂ ಎರಡರ ವ್ಯತ್ಯಾಸವಲ್ಲ, ನೂರು ಪಟ್ಟಿನ ವ್ಯತ್ಯಾಸ. ಕಬ್ಬಿಣದ ವಿಷಯದಲ್ಲಂತೂ ಒಂದು ಮೆಟ್ಟಿಲು ಮೇಲೆ ಹೋದರೆ ನೀರಲ್ಲಿ ಕರಗುವ ಫೆರಿಕ್ ಕಬ್ಬಿಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಬೇರು ಕುಡಿಯುವುದು ಕರಗಿದ್ದನ್ನು ಮಾತ್ರ. ಮೆಣಸಿನ ಗಿಡಕ್ಕೆ 6ರಿಂದ 7ರ ಒಳಗೆ ಹಿತ. ಅದಕ್ಕಿಂತ ಬಹಳ ಮೇಲೆ ಹೋದರೆ ಕಬ್ಬಿಣ, ಸತು, ಮ್ಯಾಂಗನೀಸ್‌ಗೆ ಬೀಗ. ರಂಜಕವೂ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತದೆ. ಬಹಳ ಕೆಳಗಿಳಿದರೂ ಕಷ್ಟ, ಆಗ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಊಟ ತಟ್ಟೆಯಲ್ಲಿದೆ, ಬಾಯಿಗೆ ಬೀಗ ಬಿದ್ದಿದೆ ಅನ್ನುವ ಹಾಗೆ.

ಈಗ ಅಳೆಯಬೇಕಲ್ಲ. ಆನ್‌ಲೈನ್‌ನಲ್ಲಿ ಅಗ್ಗದ ಮೀಟರ್ ಒಂದು ತರಿಸಿದೆ. ಮಣ್ಣಿಗೆ ಚುಚ್ಚಿದರೆ 7 ತೋರಿಸಿತು. ಖುಷಿಯಾಗಿ ಮೆಸ್ಸಿನ ಮೊಸರಿಗೆ ಅದ್ದಿದೆ, 7. ನಿಂಬೆ ಹಣ್ಣಿಗೆ ಚುಚ್ಚಿದೆ, ಅದೂ 7. ಎಲ್ಲರಿಗೂ ಪಾಸ್ ಮಾರ್ಕ್ ಕೊಡುವ ಮೇಷ್ಟ್ರ ಥರ!

ಆಗ ನೆನಪಾದದ್ದು ಅಜ್ಜಿಯ ಆರತಿ ತಟ್ಟೆ. ಅರಿಶಿನದ ನೀರಿಗೆ ಒಂದಿಷ್ಟು ಸುಣ್ಣ ಹಾಕಿದರೆ ಕೆಂಪಗಾಗುತ್ತದಲ್ಲ, ಓಕುಳಿ? ಅದು ಅಪ್ಪಟ ಪಿಎಚ್ ಪರೀಕ್ಷೆ. ಅರಿಶಿನ ಕ್ಷಾರ ಕಂಡರೆ ಕೆಂಪಾಗುತ್ತದೆ. ಪುಕ್ಕಟೆ ಕೆಂಪು ಮಣ್ಣನ್ನು ನೀರಲ್ಲಿ ಕಲಸಿ, ತಿಳಿಯಾಗಲು ಬಿಟ್ಟು, ತಿಳಿ ನೀರಿಗೆ ಅರಿಶಿನ ಹಾಕಿದೆ. ನಿಧಾನಕ್ಕೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮಣ್ಣನ್ನು ಕೈಯಲ್ಲಿ ಉಜ್ಜಿ ನೋಡಿದರೆ ಬೂದು ಬಣ್ಣದ ಸಣ್ಣ ಹರಳುಗಳು. ಸಿಮೆಂಟು! ಕಟ್ಟಡದ ಜಾಗದ ಮಣ್ಣು, ಗಾರೆ ಬೀಳದೆ ಇರುತ್ತದೆಯೇ? ಪುಕ್ಕಟೆ ಮಣ್ಣು ಯಾಕೆ ಪುಕ್ಕಟೆ ಅಂತ ಆಗ ಗೊತ್ತಾಯಿತು. ಮೊದಲ ಸಲ ಧಾರಾಳವಾಗಿ ಸುರಿದ ಬೂದಿ ಕೂಡ ಕ್ಷಾರವೇ. ಅಜ್ಜಿ ಬೂದಿ ಬಳಸಿದ್ದು ಬೀಜಕ್ಕೆ ಹುಳು ಬೀಳದಿರಲಿ ಅಂತ. ನಾನು ಅದನ್ನು ಗೊಬ್ಬರ ಮಾಡಿಕೊಂಡಿದ್ದೆ.

ಕೊನೆಯ ಇಪ್ಪತ್ತು

ಮೂರನೇ ಸಲ ಮೈಯೆಲ್ಲ ಕಣ್ಣಾಗಿ ಕೂತೆ. ತೆಂಗಿನ ನಾರಿನ ಪುಡಿ, ಅಂದರೆ ಕೋಕೊಪೀಟ್, ತಂದೆ. ಹಗುರ, ನೀರು ಹಿಡಿಯುತ್ತದೆ, ಗಾಳಿಯೂ ಆಡುತ್ತದೆ. ಪಿಎಚ್ ಸಾಮಾನ್ಯವಾಗಿ 6ರ ಆಸುಪಾಸು. ಆದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ತೊಳೆದು ಹಿಂಡಬೇಕು. ಗಿಡಕ್ಕೆ ತಿನ್ನಲು ಅದರಲ್ಲಿ ಏನೂ ಇಲ್ಲ ಅನ್ನುವುದೂ ನೆನಪಿರಬೇಕು. ಅದಕ್ಕೆ ಎರೆಹುಳು ಗೊಬ್ಬರ ಒಂದು ಪಾಲು, ನರ್ಸರಿಯಿಂದ ದುಡ್ಡು ಕೊಟ್ಟು ತಂದ ಕೆಂಪು ಮಣ್ಣು ಒಂದು ಪಾಲು, ಕೋಕೊಪೀಟ್ ಎರಡು ಪಾಲು.

ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಅಣ್ಣನ ಕೈಕಾಲು ಹಿಡಿದು ಬಣ್ಣ ಬದಲಿಸುವ ಪಿಎಚ್ ಕಾಗದ ಒಂದಿಷ್ಟು ಪಡೆದೆ. ವಿಧಾನ ಸುಲಭ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಶುದ್ಧ ನೀರು, ಚೆನ್ನಾಗಿ ಕಲಸಿ ಅರ್ಧ ಗಂಟೆ ಬಿಡುವುದು, ತಿಳಿ ನೀರಿಗೆ ಕಾಗದ ಅದ್ದುವುದು. ಶುದ್ಧ ನೀರಿಗೆ ಪೆಟ್ರೋಲ್ ಬಂಕಿನ ಬ್ಯಾಟರಿ ವಾಟರ್ ಸಾಕು. ನಲ್ಲಿ ನೀರು ಬಳಸಿದರೆ ಅಳೆಯುವುದು ಮಣ್ಣನ್ನಲ್ಲ, ನಲ್ಲಿಯನ್ನು. ನನ್ನ ಮಿಶ್ರಣ 6.5ರ ಬಣ್ಣ ತೋರಿಸಿತು. 17 ಬೀಜ ಮೊಳೆತವು.

ಮೂರು ವಾರ ಎಲ್ಲ ಚೆನ್ನಾಗಿತ್ತು. ನಾಲ್ಕನೇ ವಾರ, ಸರಿಯಾಗಿ ಸೆಮಿಸ್ಟರ್ ಪರೀಕ್ಷೆಯ ಮಧ್ಯೆ, ತುದಿ ಎಲೆಯಲ್ಲಿ ಮತ್ತೆ ಅದೇ ಹಳದಿ. ಮಿಶ್ರಣ ಮತ್ತೆ ಅಳೆದರೆ 7.5 ದಾಟಿದೆ. ಮಣ್ಣು ಬದಲಾಗಿಲ್ಲ, ಗೊಬ್ಬರ ಹಾಕಿಲ್ಲ. ಮತ್ತೇನು?

ಉತ್ತರ ನಮ್ಮ ಮ್ಯಾಗಿ ಬೇಯಿಸುವ ಕೆಟಲ್‌ನಲ್ಲಿತ್ತು. ಅದರ ತಳದಲ್ಲಿ ಬೆರಳು ಗಾತ್ರದ ಬಿಳಿ ಹಕ್ಕಳೆ. ಪಿಜಿಯ ಬೋರ್‌ವೆಲ್ ನೀರಿನ ಸುಣ್ಣ. ದಿನಾ ಒಂದೊಂದು ಲೋಟ ನೀರಿನ ಜೊತೆ ನಾನು ಸಸಿಗೆ ಒಂದೊಂದು ಚೂರು ಸುಣ್ಣ ತಿನ್ನಿಸುತ್ತಿದ್ದೆ. ನೀರು ಆವಿಯಾಗುತ್ತದೆ, ಸುಣ್ಣ ಉಳಿಯುತ್ತದೆ. ಹೊಲವಾದರೆ ಬೇರು ಆಳಕ್ಕೆ, ಅಗಲಕ್ಕೆ ಓಡಿ ತಪ್ಪಿಸಿಕೊಳ್ಳುತ್ತದೆ. ಕಪ್ಪಿನಲ್ಲಿ ಎಲ್ಲಿಗೆ ಓಡುತ್ತದೆ?

ಗೆಳೆಯರಿಂದ ಸಲಹೆಗಳ ಸುರಿಮಳೆ. ಕಾಫಿ ಗಸಿ ಹಾಕು ಅಂದ ಒಬ್ಬ. ಕಾಫಿಯ ಹುಳಿಯೆಲ್ಲ ಡಿಕಾಕ್ಷನ್ ಜೊತೆಗೇ ಹೋಗಿರುತ್ತದೆ, ಗಸಿ ಹೆಚ್ಚುಕಡಿಮೆ ತಟಸ್ಥ. ನಿಂಬೆ ಹಿಂಡು ಅಂದ ಇನ್ನೊಬ್ಬ. ಪ್ರಯತ್ನಿಸಿದೆ. ಒಂದು ಲೋಟ ಬ್ಯಾಟರಿ ವಾಟರ್‌ಗೆ ಎರಡು ಹನಿ ನಿಂಬೆ ಬಿದ್ದದ್ದೇ ಕಾಗದ ಕೆಂಪಗಾಯಿತು. ಒಂದು ಲೋಟ ಬೋರ್ ನೀರಿಗೆ ಎರಡು ಹನಿ ಹಾಕಿದರೆ ಬಣ್ಣ ಕದಲಲೇ ಇಲ್ಲ. ನಾನು ಎಲೆಕ್ಟ್ರಾನಿಕ್ಸ್ ಓದುವವನು, ನನಗೆ ಅರ್ಥವಾದದ್ದು ಹೀಗೆ: ಪಿಎಚ್ ಅಂದರೆ ಬ್ಯಾಟರಿಯ ವೋಲ್ಟೇಜ್. ನೀರಿನಲ್ಲಿ ಕರಗಿದ ಬೈಕಾರ್ಬನೇಟ್ ಅದರ ಆಂಪಿಯರ್ ಅವರ್. ಎರಡು ಬ್ಯಾಟರಿಗಳ ವೋಲ್ಟೇಜ್ ಒಂದೇ ಇರಬಹುದು, ಒಂದು ಪುಟ್ಟದು, ಇನ್ನೊಂದು ಲಾರಿಯದ್ದು. ನಮ್ಮ ಬೋರ್ ನೀರು ಲಾರಿ ಬ್ಯಾಟರಿ.

ಪರಿಹಾರ ಮಾತ್ರ ಆಕಾಶದಿಂದಲೇ ಬಂತು. ಜುಲೈ, ದಿನಾ ಸಂಜೆ ಮಳೆ. ಟೆರೇಸಿನಲ್ಲಿ ಬಕೆಟ್ ಇಟ್ಟೆ. ಮಳೆ ನೀರಿನಲ್ಲಿ ಸುಣ್ಣ ಇಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ತುಸು ಆಮ್ಲವೂ ಹೌದು. ಮಳೆ ಇಲ್ಲದ ದಿನ ಬೋರ್ ನೀರನ್ನೇ ಚೆನ್ನಾಗಿ ಕುದಿಸಿ, ಆರಿಸಿ, ತಳದ ಗಸಿ ಬಿಟ್ಟು ಮೇಲಿನ ತಿಳಿ ಹಾಕಿದೆ. ಪಿಯುಸಿಯಲ್ಲಿ ಓದಿದ ತಾತ್ಕಾಲಿಕ ಗಡಸುತನ ಕಳೆಯುವ ವಿಧಾನ ಅದು, ಮೊದಲ ಸಲ ಉಪಯೋಗಕ್ಕೆ ಬಂತು! ಮೊದಲ ದಿನ ಕಪ್ಪುಗಳ ತಳದಿಂದ ಚೆನ್ನಾಗಿ ಸೋರಿ ಹೋಗುವಷ್ಟು ಮಳೆ ನೀರು ಸುರಿದು ಹಳೇ ಸುಣ್ಣ ತೊಳೆದೆ, ಮೇಲೆ ಒಂದು ಚಮಚ ಎರೆಹುಳು ಗೊಬ್ಬರ ಉದುರಿಸಿದೆ. ಐದು ಸಸಿ ಅಷ್ಟರಲ್ಲೇ ಕೈಬಿಟ್ಟಿದ್ದವು. ಉಳಿದ 12ರಲ್ಲಿ ಹತ್ತು ಹನ್ನೆರಡು ದಿನಕ್ಕೆ ಹೊಸ ಚಿಗುರು ಬಂತು. ಹಸಿರು. ಅಪ್ಪಟ ಹಸಿರು.

ಟ್ರಂಕಿನಲ್ಲಿದ್ದ ಇನ್ನೊಂದು ಕಾಗದ

ಇದನ್ನೆಲ್ಲ ರೂಮಿನಲ್ಲಿ ಹೇಳಿಕೊಂಡಾಗ ತೀರ್ಥಹಳ್ಳಿಯ ಗೆಳೆಯ ನಕ್ಕ. "ನಮ್ಮಪ್ಪ ತೋಟಕ್ಕೆ ಸುಣ್ಣ ದುಡ್ಡು ಕೊಟ್ಟು ತಂದು ಹಾಕ್ತಾರೆ ಮಾರಾಯ" ಅಂದ. ಮಲೆನಾಡಿನ ಮಳೆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದು ಒಯ್ದು ಆಮ್ಲ ಮಾಡಿಬಿಡುತ್ತದೆ. ಅವರ ಮದ್ದು ನಮ್ಮ ಹೊಲಕ್ಕೆ ವಿಷ. ಆಗ ಹೊಳೆಯಿತು, ನಮ್ಮ ಹೊಲದ ನಂಬರ್ ಎಷ್ಟು?

ಅಪ್ಪನಿಗೆ ಫೋನ್ ಮಾಡಿದೆ. ಮಣ್ಣು ಆರೋಗ್ಯ ಕಾರ್ಡ್ ಅಂತ 2015ರಲ್ಲಿ ಶುರುವಾದ ಯೋಜನೆ ಇದೆ. ಪಿಎಚ್, ಲವಣಾಂಶ, ಸಾವಯವ ಇಂಗಾಲದಿಂದ ಹಿಡಿದು ಕಬ್ಬಿಣ, ಸತುವಿನವರೆಗೆ 12 ಅಂಶ ಅಳೆದು ಕೊಡುತ್ತಾರೆ. ನಮ್ಮ ಮನೆಗೂ ಬಂದಿತ್ತು.

"ಕಾರ್ಡ್ ಎಲ್ಲಿ ಐತಿ ಅಪ್ಪಾ?"

"ಅದನ್ನ ತಗೊಂಡು ಏನ್ ಮಾಡ್ತಿ? ನಿಮ್ಮಜ್ಜಿ ಟ್ರಂಕಿನ್ಯಾಗ ಇಟ್ಟಿದ್ಲು."

ಅವ್ವ ಹುಡುಕಿ ಫೋಟೊ ಕಳಿಸಿದಳು. ಪಿಎಚ್ 8.3. ಕಬ್ಬಿಣ ಕಡಿಮೆ, ಸತು ಕಡಿಮೆ, ಸಾವಯವ ಇಂಗಾಲ ಕಡಿಮೆ. ಕೆಳಗೆ ಜಿಂಕ್ ಸಲ್ಫೇಟ್ ಹಾಕಿ, ಕೊಟ್ಟಿಗೆ ಗೊಬ್ಬರ ಹಾಕಿ ಅಂತ ಅಚ್ಚಕನ್ನಡದಲ್ಲಿ ಬರೆದಿದೆ. ಬೀಜದ ಗಂಟಿನ ಜೊತೆ ಅದೇ ಟ್ರಂಕಿನಲ್ಲಿ ಆ ಕಾಗದ ವರ್ಷಗಟ್ಟಲೆ ಮಲಗಿತ್ತು. ಅಪ್ಪ ಪ್ರತಿ ಹಂಗಾಮಿನಲ್ಲೂ ತುದಿ ಎಲೆ ಹಳದಿಯಾದಾಗ ಸಾಲ ಮಾಡಿಯಾದರೂ ಯೂರಿಯಾ ತರುತ್ತಿದ್ದರು. ಕ್ಷಾರ ಮಣ್ಣಿನ ಮೇಲೆ ಚೆಲ್ಲಿದ ಯೂರಿಯಾದಲ್ಲಿ ಒಂದಿಷ್ಟು ಅಮೋನಿಯಾ ಆಗಿ ಗಾಳಿಗೇ ಹೋಗುತ್ತದೆ. ಪೇಪರ್ ಕಪ್ಪಿನಲ್ಲಿ ನಾನು ಒಂದು ತಿಂಗಳು ಮಾಡಿದ ತಪ್ಪನ್ನು ಅವರು ನಾಲ್ಕು ಎಕರೆಯಲ್ಲಿ ವರ್ಷಗಟ್ಟಲೆ ಮಾಡಿದ್ದರು. ಅವರಿಗೆ ಹೇಳಬೇಕಾದವನು ನಾನು. ಪಿಎಚ್ ಅಂದರೇನು ಅಂತ ಮನೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕಾರ್ಡ್ ಬಂದ ದಿನ ನಾನೂ ತಿರುವಿ ನೋಡಿ ಪಕ್ಕಕ್ಕಿಟ್ಟಿದ್ದೆ ಅನ್ನುವುದು ಈಗಲೂ ಚುಚ್ಚುತ್ತದೆ.

ಹಾಗಾದರೆ ಅಜ್ಜಿಯ ಮೆಣಸು ಅದೇ ಎರೆಮಣ್ಣಿನಲ್ಲಿ ಹೇಗೆ ಬೆಳೆಯುತ್ತಿತ್ತು? ಅವ್ವನನ್ನು ಕೇಳಿದೆ. ಆಗ ಎತ್ತು, ಎಮ್ಮೆ ಇದ್ದವು, ವರ್ಷಕ್ಕೆ ಹತ್ತಾರು ಗಾಡಿ ತಿಪ್ಪೆಗೊಬ್ಬರ ಹೊಲಕ್ಕೆ ಹೋಗುತ್ತಿತ್ತು, ಬೆಳೆ ಮಳೆಯ ಮೇಲೇ ನಿಂತಿತ್ತು. ಈಗ ಕೊಟ್ಟಿಗೆಯಲ್ಲಿ ಬೈಕ್ ನಿಲ್ಲುತ್ತದೆ, ಹೊಲಕ್ಕೆ ಬೋರ್ ನೀರು ಹೋಗುತ್ತದೆ.

ನಾಗರ ಪಂಚಮಿಗೆ 12 ಸಸಿಗಳನ್ನು ಶೂ ಡಬ್ಬಿಯಲ್ಲಿಟ್ಟುಕೊಂಡು ರಾತ್ರಿ ಬಸ್ಸು ಹತ್ತಿದೆ. ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ. ಬೆಳಿಗ್ಗೆ ಅಪ್ಪ ಒಂದು ಸಸಿ ಎತ್ತಿ ಎಲೆ ತಿರುವಿ ನೋಡಿದರು.

"ಇವಕ್ಕ ಏನ್ ಹಾಕಿದಿ?"

"ಮಳಿ ನೀರು."

ಅಪ್ಪ ಏನೂ ಅನ್ನಲಿಲ್ಲ. ಸಂಜೆ ಮನೆ ಹಿಂದಿನ ಮಡಿಯಲ್ಲಿ ಅವರೇ ಗುಣಿ ತೋಡಿ, ಬುಡಕ್ಕೆ ಪಕ್ಕದ ಮನೆಯಿಂದ ಬೇಡಿ ತಂದ ತಿಪ್ಪೆಗೊಬ್ಬರ ಹಾಕಿ 12 ಸಸಿ ನೆಟ್ಟರು. ಹೈಬ್ರಿಡ್ ಹೊಲದ ವಿಷಯ ನಾನು ಎತ್ತಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವರೇ ಅಂದರು: "ಈ ಸಲ ನಾಲ್ಕ ಸಾಲಿಗೆ ಯೂರಿಯಾ ಬಿಟ್ಟು, ನಿನ್ನ ಕಾರ್ಡಿನ್ಯಾಗ ಬರದದ್ದನ್ನ ಹಾಕಿ ನೋಡೋಣು. ಉಳದದ್ದಕ್ಕ ಮೊದಲಿನಂಗ."

ನಾಲ್ಕೇ ಸಾಲು. ಸಾಕು. ಹೋಲಿಸಿ ನೋಡದೆ ಏನನ್ನೂ ನಂಬಬಾರದು ಅಂತ ನಮ್ಮ ಲ್ಯಾಬಿನಲ್ಲೂ ಹೇಳಿಕೊಡುತ್ತಾರೆ. ಅಪ್ಪ ಯಾವ ಲ್ಯಾಬಿಗೂ ಹೋದವರಲ್ಲ.

ನಿಮ್ಮ ಮನೆಯ ಟ್ರಂಕಿನಲ್ಲೋ ಕ್ಯಾಲೆಂಡರ್ ಹಿಂದೆಯೋ ಅಂಥದ್ದೊಂದು ಕಾರ್ಡ್ ಇದ್ದರೆ ಇವತ್ತೇ ತೆಗೆದು ಓದಿ ಹೇಳಿ. ಇಲ್ಲದಿದ್ದರೆ ಒಂದು ಹಿಡಿ ಮಣ್ಣು ತೆಗೆದುಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ನಾನಂತೂ ಈಗ ದಿನಾ ಸಂಜೆ ಅವ್ವನಿಗೆ ಫೋನ್ ಮಾಡುತ್ತೇನೆ. ಊಟ ಆಯ್ತಾ ಅಂತ ಕೇಳುವ ಮೊದಲೇ ಅವಳು ಹೇಳುತ್ತಾಳೆ: "ಹನ್ನೆರಡೂ ಅದಾವ, ಹಸರ ಅದಾವ."